ಅಂಗಳದ ಕಾರಿನ ಕೆಳಗೆ ಎಣ್ಣೆ ಹನಿ: ಮನೆಯಲ್ಲೇ ಪತ್ತೆ ಮಾಡುವುದು ಹೇಗೆ?



ಕೆಚ್ಚಲು ಬಾವು, ಜಂತುನಾಶಕ, ಹಸಿರು ಮೇವು, ಖನಿಜ ಮಿಶ್ರಣ ಎಂದು ಬರೆಯುವ ಪಶುವೈದ್ಯ ಈ ಸಲ ಕಾರಿನ ಎಂಜಿನ್ ಹಿಡಿದು ಕುಳಿತಿದ್ದಾನಲ್ಲ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ. ಇಂದು ನಮ್ಮ ಅನೇಕ ಸದಸ್ಯರ ಮನೆಗಳಲ್ಲಿ ಒಂದು ಕಾರೋ, ವ್ಯಾನೋ, ಹಳೆಯ ಜೀಪೋ ಇದೆ. ಹಾಲಿನ ಕ್ಯಾನು, ಪಶು ಆಹಾರದ ಮೂಟೆ, ಮೇವಿನ ಹೊರೆ ಎಲ್ಲವೂ ಅದರಲ್ಲೇ ಬರುತ್ತವೆ. ರಾತ್ರಿ ಅದು ನಿಲ್ಲುವುದು ಕೊಟ್ಟಿಗೆಯ ಪಕ್ಕದಲ್ಲೇ. ಆ ಗಾಡಿಯಿಂದ ಸೋರುವ ಎಣ್ಣೆ ಎಂಜಿನ್ನನ್ನು ಕೆಡಿಸುವುದಲ್ಲದೆ ಕರುವಿನ ಬಾಯಿಗೂ ಹಾಲಿನ ಕ್ಯಾನಿಗೂ ತಲುಪಬಲ್ಲದು. ಆದ್ದರಿಂದ ಇದು ನಮ್ಮ ಪಾಠವೂ ಹೌದು.

ಅಜ್ಜಿ ಎರಚಿದ ಬೂದಿ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಹಳ್ಳಿಯಲ್ಲಿ ಹಸುವಿನ ಗರ್ಭ ಪರೀಕ್ಷೆ ಮುಗಿಸಿ ಕೈ ತೊಳೆಯುತ್ತಿದ್ದೆ. ನನ್ನ ಹಳೆಯ ಸಣ್ಣ ಕಾರು ಅವರ ಅಂಗಳದಲ್ಲಿ ನಿಂತಿತ್ತು. ಆ ಮನೆಯ ಅಜ್ಜಿ ಮೊರದ ತುಂಬ ಒಲೆಯ ಬೂದಿ ತಂದು ಕಾರಿನ ಕೆಳಗೆ ಎರಚತೊಡಗಿದರು.

"ಏನಜ್ಜಿ ಅದು?" ಎಂದು ಕೇಳಿದೆ.

"ನಿಮ್ಮ ಗಾಡಿ ಎಣ್ಣೆ ತೊಟ್ಟಿಕ್ತಾ ಐತೆ ಕಣಪ್ಪ. ಕರ ಬಂದು ನೆಕ್ಕೀತು ಅಂತ ಬೂದಿ ಹಾಕ್ದೆ. ಹಾಲು ಕರೆಯೋಕೆ ಮುಂಚೆ ಮೊದಲ ಧಾರೆ ನೋಡ್ಕಳಿ ಅಂತ ಊರಿಗೆಲ್ಲ ಹೇಳ್ತೀರಲ್ಲ ಡಾಕ್ಟ್ರೇ, ನಿಮ್ಮ ಗಾಡಿ ಕೆಳಗೆ ನೋಡ್ಕಂಡಿದೀರಾ?"

ನಕ್ಕು ಹೊರಟುಬಂದೆ. ನೋಡಲಿಲ್ಲ. ಎರಡು ವಾರ ಕಳೆದಿರಲಿಲ್ಲ, ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಕರೆ ಬಂತು. ಪಡ್ಡೆ ಹಸು ಈಯಲಾರದೆ ಒದ್ದಾಡುತ್ತಿದೆ, ಕಾಲು ಕಾಣುತ್ತಿದೆ, ಕರುವಿನ ತಲೆ ಸಿಗುತ್ತಿಲ್ಲ ಎಂದರು. ಹೊರಟೆ. ದಾರಿಯಲ್ಲಿ ಎಣ್ಣೆ ಬುಡ್ಡಿಯ ಚಿತ್ರದ ಕೆಂಪು ದೀಪ ಹತ್ತಿತು. ಇನ್ನು ನಾಲ್ಕೇ ಕಿಲೋಮೀಟರು, ಹೇಗೋ ತಲುಪಿಬಿಡೋಣ ಎಂದು ಓಡಿಸಿದೆ. ಎರಡು ಕಿಲೋಮೀಟರಿಗೆ ಎಂಜಿನ್ನಿನಲ್ಲಿ ಕಟಕಟ ಸದ್ದು ಬಂದು ಗಾಡಿ ಜಾಮ್ ಆಗಿ ನಿಂತಿತು. ಕತ್ತಲಲ್ಲಿ ಚೀಲ ಹೊತ್ತು ನಡೆದು, ಕೊನೆಗೆ ಯಾರದೋ ಬೈಕ್ ಹತ್ತಿ ತಲುಪುವಾಗ ಒಂದು ಗಂಟೆಗೂ ಹೆಚ್ಚು ತಡವಾಗಿತ್ತು. ಹಿಂದಕ್ಕೆ ಮಡಚಿದ್ದ ತಲೆಯನ್ನು ಸರಿಪಡಿಸಿ ಕರುವನ್ನು ಹೊರತೆಗೆದೆ. ಹಸು ಉಳಿಯಿತು. ಕರುವಿಗೆ ಉಸಿರಿರಲಿಲ್ಲ. ಅದು ಹೆಣ್ಣುಗರು.

ಮರುದಿನ ಎಂಜಿನ್ ಬಿಚ್ಚಿದಾಗ ಕಾರಣ ತಿಳಿಯಿತು. ಹಿಂದಿನ ಸಲ ನಾನೇ ಮನೆಯಲ್ಲಿ ಆಯಿಲ್ ಬದಲಿಸಿದ್ದೆ. ಕೆಳಗಿನ ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕದೆ ಚಪ್ಪಟೆಯಾದ ಹಳೆಯ ವಾಷರನ್ನೇ ಹಾಕಿ ಬಿಗಿದಿದ್ದೆ. ಅಲ್ಲಿಂದ ಹನಿ ಹನಿಯಾಗಿ ಆಯಿಲ್ ಇಳಿದುಹೋಗಿತ್ತು. ಅಜ್ಜಿಗೆ ಕಂಡದ್ದು ನನಗೆ ಕಾಣಬಾರದೆಂದೇನೂ ಇರಲಿಲ್ಲ. ನಾನು ಬಗ್ಗಿ ನೋಡಿರಲಿಲ್ಲ, ಅಷ್ಟೇ.

ಎಂಜಿನ್ ಆಯಿಲ್ ಮಾಡುವ ಕೆಲಸ

ಎಂಜಿನ್ನಿನೊಳಗೆ ಲೋಹದ ಭಾಗಗಳು ಒಂದು ನಿಮಿಷಕ್ಕೆ ಸಾವಿರಾರು ಸಲ ತಿರುಗುತ್ತವೆ, ಉಜ್ಜುತ್ತವೆ. ಅವುಗಳ ನಡುವೆ ತೆಳುವಾದ ಪೊರೆಯಂತೆ ಆಯಿಲ್ ನಿಂತಿರುತ್ತದೆ. ಅದು ಸವೆತ ತಡೆಯುತ್ತದೆ, ಬಿಸಿಯನ್ನು ಹೊತ್ತೊಯ್ಯುತ್ತದೆ, ಮಸಿ ಮತ್ತು ಲೋಹದ ಪುಡಿಯನ್ನು ತೊಳೆದು ಫಿಲ್ಟರಿಗೆ ಒಯ್ಯುತ್ತದೆ, ತುಕ್ಕು ಹಿಡಿಯದಂತೆ ಕಾಯುತ್ತದೆ. ಎಂಜಿನ್ನಿನ ತಳದಲ್ಲಿರುವ ತೊಟ್ಟಿಗೆ ನಮ್ಮ ಮೆಕ್ಯಾನಿಕ್‌ಗಳು ಚೇಂಬರ್ ಎನ್ನುತ್ತಾರೆ. ಅಲ್ಲಿಂದ ಪಂಪು ಆಯಿಲನ್ನು ಮೇಲಕ್ಕೆ ಒತ್ತಿ ಕಳಿಸುತ್ತದೆ. ಕೆಲಸ ಮುಗಿಸಿ ಅದು ಮತ್ತೆ ಚೇಂಬರಿಗೆ ಇಳಿಯುತ್ತದೆ. ಹಸುವಿನ ಮೈಯಲ್ಲಿ ರಕ್ತ ಸುತ್ತಿದಂತೆಯೇ ಇದು. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಲೀಟರ್ ಆಯಿಲ್ ಇರುತ್ತದೆ. ದೊಡ್ಡ ಗಾಡಿಗಳಲ್ಲಿ ಇನ್ನೂ ಹೆಚ್ಚು. ನಿಮ್ಮ ಗಾಡಿಯ ಸರಿಯಾದ ಅಳತೆ ಅದರ ಜೊತೆ ಕೊಟ್ಟ ಕೈಪಿಡಿಯಲ್ಲಿದೆ.

ಕೆಂಪು ದೀಪದ ವಿಷಯದಲ್ಲಿ ಅನೇಕರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಆ ದೀಪ ಹೇಳುವುದು ಆಯಿಲಿನ ಮಟ್ಟವನ್ನಲ್ಲ, ಒತ್ತಡವನ್ನು. ಗಾಡಿ ಓಡುತ್ತಿರುವಾಗ ಅದು ಹತ್ತಿತೆಂದರೆ ಎಂಜಿನ್ನಿಗೆ ಆಯಿಲ್ ಸಾಕಷ್ಟು ತಲುಪುತ್ತಿಲ್ಲವೆಂದು ಅರ್ಥ. ಆಗ ಒಂದು ಕಿಲೋಮೀಟರನ್ನೂ ಓಡಿಸಕೂಡದು. ರಸ್ತೆಯ ಬದಿಗೆ ತಂದು ಎಂಜಿನ್ ಆರಿಸಿರಿ. ಹಸುವಿಗೆ ಜ್ವರ ಬಂದು ನೆಲ ಹಿಡಿದ ಮೇಲೆ ವೈದ್ಯರನ್ನು ಕರೆಯುವುದಕ್ಕಿಂತ ಮೇವು ಬಿಟ್ಟ ದಿನವೇ ಗಮನಿಸುವುದು ಮೇಲಲ್ಲವೇ? ದೀಪ ಹತ್ತುವುದಕ್ಕೆ ಮೊದಲೇ ಹನಿಯನ್ನು ನೋಡಬೇಕು.

ಬೇಕಾದ ಸಾಮಾನು

ಇದಕ್ಕೆ ದೊಡ್ಡ ಉಪಕರಣವೇನೂ ಬೇಡ. ಒಂದು ದೊಡ್ಡ ರಟ್ಟು (ಹಳೆಯ ಟಿ.ವಿ. ಅಥವಾ ಫ್ರಿಜ್ಜಿನ ಪೆಟ್ಟಿಗೆ ಬಿಡಿಸಿದರೆ ಸಾಕು), ನೂಲು ಬಿಡದ ಹಳೆಯ ಬಟ್ಟೆ, ಒಳ್ಳೆಯ ಟಾರ್ಚು, ಸಣ್ಣ ಕನ್ನಡಿ, ಬಿಳಿ ಕಾಗದ, ಸ್ವಲ್ಪ ಮುಖದ ಪೌಡರು, ಒಂದು ನೋಟ್ ಪುಸ್ತಕ. ಈ ಕೆಲಸಕ್ಕೆ ಬಳಸಿದ ಬಟ್ಟೆಯನ್ನು ಹಾಲು ಕರೆಯುವ ಜಾಗಕ್ಕೆ ಎಂದಿಗೂ ಒಯ್ಯಬೇಡಿ.

ಮೊದಲು ಎಚ್ಚರಿಕೆ

1. ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಕ್ಕೆ ಕಲ್ಲು ಕೊಡಿ.

2. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಕೂಡದು. ಜಾಕ್ ಜಾರಿದರೆ ಪ್ರಾಣ ಹೋಗುತ್ತದೆ. ಇಲ್ಲಿ ಹೇಳಿರುವ ತಪಾಸಣೆಗೆ ಗಾಡಿ ಎತ್ತುವ ಅಗತ್ಯವೇ ಇಲ್ಲ. ಕೆಳಗೆ ಹೋಗಲೇಬೇಕಾದ ಕೆಲಸವನ್ನು ಗ್ಯಾರೇಜಿಗೆ ಬಿಡಿ.

3. ಎಂಜಿನ್ ಓಡುತ್ತಿರುವಾಗ ಸೆರಗು, ಹೆಗಲ ಟವೆಲ್, ಜಡೆ, ಸಡಿಲ ತೋಳು ಇವು ಬೆಲ್ಟು ಮತ್ತು ಫ್ಯಾನಿನ ಹತ್ತಿರ ಸುಳಿಯಬಾರದು. ಕರೆಂಟಿನ ಫ್ಯಾನು ಇರುವ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಫ್ಯಾನು ತಾನಾಗಿ ತಿರುಗಬಹುದು.

4. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕುದಿಯುವ ನೀರು ಚಿಮ್ಮಿ ಮುಖ ಸುಡುತ್ತದೆ.

5. ಬೀಡಿ, ಸಿಗರೇಟು, ಸೀಮೆಎಣ್ಣೆ ದೀಪ ಹತ್ತಿರ ಬೇಡ.

ಮೊದಲ ಹೆಜ್ಜೆ: ಅಳತೆ ಕಡ್ಡಿ ನೋಡುವುದು

ಗಾಡಿಯನ್ನು ಓಡಿಸಿ ತಂದು ನಿಲ್ಲಿಸಿದ ಮೇಲೆ 5ರಿಂದ 10 ನಿಮಿಷ ಬಿಡಿ. ಮೇಲೆ ಹೋಗಿದ್ದ ಆಯಿಲ್ ಚೇಂಬರಿಗೆ ಇಳಿಯಲಿ. ಬಾನೆಟ್ ತೆರೆದರೆ ಹಳದಿ ಅಥವಾ ಕಿತ್ತಳೆ ಬಣ್ಣದ ಹಿಡಿಕೆಯ ಡಿಪ್‌ಸ್ಟಿಕ್ ಕಾಣುತ್ತದೆ. ಅದನ್ನು ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಮೊದಲ ಸಲ ಎಳೆದಾಗ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ಕಡ್ಡಿಯಲ್ಲಿ ಎರಡು ಗುರುತುಗಳಿವೆ. ಆಯಿಲ್ ಇವೆರಡರ ನಡುವೆ, ಮೇಲಿನ ಗುರುತಿಗೆ ಹತ್ತಿರ ಇರಬೇಕು. ಹೆಚ್ಚಿನ ಕಾರುಗಳಲ್ಲಿ ಎರಡು ಗುರುತುಗಳ ನಡುವಿನ ಅಂತರ ಸುಮಾರು 1 ಲೀಟರಿಗೆ ಸಮ. ಕೆಲವು ಗಾಡಿಗಳಲ್ಲಿ ಎಂಜಿನ್ ತಣ್ಣಗಿರುವಾಗ ನೋಡಬೇಕೆಂದು ಕೈಪಿಡಿ ಹೇಳುತ್ತದೆ. ಅಲ್ಲಿ ಹಾಗೆಯೇ ಮಾಡಿ.

ಮಟ್ಟದ ಜೊತೆಗೆ ಬಣ್ಣವನ್ನೂ ನೋಡಿ. ಡೀಸೆಲ್ ಎಂಜಿನ್ನಿನ ಆಯಿಲ್ ಬದಲಿಸಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ, ಅದು ದೋಷವಲ್ಲ. ಆದರೆ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದರೊಳಗೆ ನೀರು ಸೇರಿದೆ ಎಂದು ತಿಳಿಯಿರಿ. ಹಾಲಿನ ಬಣ್ಣ ಕ್ಯಾನಿನಲ್ಲಿ ಲಕ್ಷಣ, ಎಂಜಿನ್ನಿನಲ್ಲಿ ಅಪಾಯ. ಸಾಮಾನ್ಯವಾಗಿ ಹೆಡ್ ಗ್ಯಾಸ್ಕೆಟ್ ಹೋದಾಗ ಹೀಗಾಗುತ್ತದೆ. ಗಾಡಿ ಓಡಿಸದೆ ಮೆಕ್ಯಾನಿಕ್ ಕರೆಸಬೇಕು. ಚಳಿಗಾಲದಲ್ಲಿ ಸಂಘದವರೆಗೆ ಹೋಗಿ ಬರುವಷ್ಟೇ ಓಡುವ ಗಾಡಿಯ ಆಯಿಲ್ ಮುಚ್ಚಳದ ಒಳಭಾಗದಲ್ಲಿ ಮಾತ್ರ ಸ್ವಲ್ಪ ಬಿಳಿ ನೊರೆ ಕಾಣಬಹುದು. ಅದು ಒಳಗೆ ಕೂತ ತೇವ. ಕಡ್ಡಿ ಶುದ್ಧವಾಗಿದ್ದರೆ ಗಾಬರಿ ಬೇಡ.

ಎರಡನೆಯ ಹೆಜ್ಜೆ: ರಟ್ಟಿನ ಪರೀಕ್ಷೆ

ಮಣ್ಣಿನ ಅಂಗಳದಲ್ಲಿ ಹನಿ ಇಂಗಿಹೋಗುತ್ತದೆ. ಸಿಮೆಂಟ್ ನೆಲದಲ್ಲಿ ಹಳೆಯ ಕಲೆಗೂ ಹೊಸ ಕಲೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ರಾತ್ರಿ ಗಾಡಿ ನಿಲ್ಲಿಸಿದ ಕೂಡಲೇ ಎಂಜಿನ್ನಿನ ಕೆಳಗೆ ರಟ್ಟನ್ನು ಹಾಸಿ. ರಟ್ಟಿನ ಮೇಲೆ 'ಮುಂದೆ', 'ಎಡ', 'ಬಲ' ಎಂದು ಬರೆದು, ಮುಂದಿನ ಎರಡು ಚಕ್ರಗಳ ನೇರಕ್ಕೆ ಗೆರೆ ಎಳೆಯಿರಿ. ಕೆಲವು ವ್ಯಾನುಗಳಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿರುತ್ತದೆ. ಅಲ್ಲಿಗೆ ಸರಿಯಾಗಿ ಹಾಸಬೇಕು. ಬೆಳಿಗ್ಗೆ ಹಾಲು ಕರೆದು ಬಂದ ಮೇಲೆ ರಟ್ಟನ್ನು ಎಳೆದು ನೋಡಿ. ಹನಿ ಎಲ್ಲಿ ಬಿದ್ದಿದೆ, ಎಷ್ಟು ಬಿದ್ದಿದೆ, ಯಾವ ಬಣ್ಣ ಎಂಬುದನ್ನು ದಿನಾಂಕ ಸಹಿತ ನೋಟ್ ಪುಸ್ತಕದಲ್ಲಿ ಬರೆಯಿರಿ. ಮೂರು ರಾತ್ರಿ ಹೀಗೆ ಮಾಡಿದರೆ ಸೋರಿಕೆಯ ಸ್ವಭಾವ ತಿಳಿಯುತ್ತದೆ. ರಟ್ಟನ್ನು ಕರುಗಳ ಬಾಯಿಗೆ ಸಿಗುವಂತೆ ಬಿಸಾಡಬೇಡಿ.

ಒಂದು ಮಾತು ನೆನಪಿರಲಿ. ಕೆಲವು ಸೋರಿಕೆಗಳು ಎಂಜಿನ್ ಓಡುವಾಗ, ಒತ್ತಡವಿರುವಾಗ ಮಾತ್ರ ಆಗುತ್ತವೆ. ಈಗಿನ ಅನೇಕ ಕಾರುಗಳಲ್ಲಿ ಎಂಜಿನ್ನಿನ ಕೆಳಗೆ ಪ್ಲಾಸ್ಟಿಕ್ ಹೊದಿಕೆಯೂ ಇರುತ್ತದೆ. ಸೋರಿದ ಆಯಿಲ್ ಅದರಲ್ಲೇ ನಿಂತು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಆದ್ದರಿಂದ ರಟ್ಟು ಶುದ್ಧವಾಗಿದ್ದು ಕಡ್ಡಿಯಲ್ಲಿ ಮಟ್ಟ ಇಳಿಯುತ್ತಿದ್ದರೆ ಮೋಸ ಹೋಗಬೇಡಿ.

ಮೂರನೆಯ ಹೆಜ್ಜೆ: ಬಿದ್ದ ಹನಿ ಯಾವುದು?

ಕಾರಿನಿಂದ ಬೀಳುವ ಹನಿಯೆಲ್ಲ ಎಂಜಿನ್ ಆಯಿಲ್ ಅಲ್ಲ. ಬಿಳಿ ಕಾಗದದಲ್ಲಿ ಒತ್ತಿ ನೋಡಿ, ಬಣ್ಣ ಮತ್ತು ವಾಸನೆ ಗಮನಿಸಿ. ರುಚಿ ನೋಡಕೂಡದು.

ಜೇನಿನ ಬಣ್ಣ, ಕಂದು ಅಥವಾ ಕಪ್ಪು, ಬೆರಳಿಗೆ ಜಾರು: ಎಂಜಿನ್ ಆಯಿಲ್.

ದಪ್ಪ, ಗಂಧಕದಂತಹ ಘಾಟು ವಾಸನೆ: ಗೇರ್ ಆಯಿಲ್.

ಕೆಂಪು ಛಾಯೆ, ತೆಳು ಎಣ್ಣೆ: ಸಾಮಾನ್ಯವಾಗಿ ಪವರ್ ಸ್ಟೀರಿಂಗಿನ ಎಣ್ಣೆ.

ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣ, ನೀರಿನಂತೆ ತೆಳು, ಸಿಹಿ ವಾಸನೆ: ರೇಡಿಯೇಟರಿನ ಕೂಲೆಂಟ್.

ತಿಳಿ ಹಳದಿ, ತೆಳು, ಚಕ್ರದ ಒಳಬದಿಯಲ್ಲಿ ಅಥವಾ ಬ್ರೇಕ್ ಪೆಡಲಿನ ಹತ್ತಿರ: ಬ್ರೇಕ್ ಆಯಿಲ್. ಇದು ಕಂಡರೆ ಗಾಡಿಯನ್ನು ಒಂದು ಹೆಜ್ಜೆಯೂ ಓಡಿಸಬೇಡಿ. ಎಂಜಿನ್ ಕೆಟ್ಟರೆ ಹಣ ಹೋದೀತು, ಬ್ರೇಕ್ ಕೆಟ್ಟರೆ ಜನ ಹೋದಾರು.

ಬಣ್ಣವಿಲ್ಲ, ವಾಸನೆಯಿಲ್ಲ, ಏ.ಸಿ. ಹಾಕಿ ಓಡಿಸಿದ ಮೇಲೆ ಬೀಳುತ್ತದೆ: ಬರೀ ನೀರು. ಚಿಂತೆಯಿಲ್ಲ.

ಪೆಟ್ರೋಲ್ ಅಥವಾ ಡೀಸೆಲ್ ವಾಸನೆ: ಬೆಂಕಿಯ ಅಪಾಯ. ಗಾಡಿ ಸ್ಟಾರ್ಟ್ ಮಾಡದೆ, ಕೊಟ್ಟಿಗೆ ಮತ್ತು ಹುಲ್ಲಿನ ಮೆದೆಯಿಂದ ದೂರಕ್ಕೆ ತಳ್ಳಿ, ಮೆಕ್ಯಾನಿಕ್ ಕರೆಸಿ.

ನಾಲ್ಕನೆಯ ಹೆಜ್ಜೆ: ಸೋರುವ ಜಾಗ ಹುಡುಕುವುದು

ಆಯಿಲ್ ಯಾವಾಗಲೂ ಕೆಳಕ್ಕೆ ಇಳಿಯುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಹನಿ ಬೀಳುವ ಜಾಗವೇ ಸೋರುವ ಜಾಗವಲ್ಲ. ಸೂರಿನ ಹೆಂಚು ಒಂದು ಕಡೆ ಒಡೆದರೆ ನೀರು ಜಂತಿ ಹಿಡಿದು ಇನ್ನೊಂದು ಕಡೆ ತೊಟ್ಟಿಕ್ಕುವುದಿಲ್ಲವೇ, ಹಾಗೆ. ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮತ್ತು ಎಲ್ಲಕ್ಕಿಂತ ಮುಂದಿನದು ಯಾವುದೋ ಅಲ್ಲಿ ಮೊದಲು ಅನುಮಾನಪಡಬೇಕು. ಎಂಜಿನ್ ತಣ್ಣಗಿರುವಾಗ ಟಾರ್ಚು ಮತ್ತು ಕನ್ನಡಿ ಹಿಡಿದು ಮೇಲಿನಿಂದ ಕೆಳಕ್ಕೆ ಈ ಕ್ರಮದಲ್ಲಿ ನೋಡಿ.

1. ಆಯಿಲ್ ಹಾಕುವ ಮುಚ್ಚಳ. ಅದರ ರಬ್ಬರ್ ಬಿರುಕು ಬಿಟ್ಟಿದ್ದರೆ ಅಥವಾ ಮುಚ್ಚಳ ಸಡಿಲವಿದ್ದರೆ ಸುತ್ತ ಜಿಡ್ಡು ಕಟ್ಟಿರುತ್ತದೆ. ಇದು ಎಲ್ಲಕ್ಕಿಂತ ಅಗ್ಗದ ರಿಪೇರಿ.

2. ಟ್ಯಾಪೆಟ್ ಕವರಿನ ಪ್ಯಾಕಿಂಗ್. ಎಂಜಿನ್ನಿನ ತಲೆಯ ಮೇಲಿನ ಮುಚ್ಚಳದ ಅಂಚು ಇದು. ಬಿಸಿಗೆ ಪ್ಯಾಕಿಂಗ್ ಗಟ್ಟಿಯಾಗಿ ಸೋರುತ್ತದೆ. ಆಯಿಲ್ ಸೈಲೆನ್ಸರಿನ ಬಿಸಿ ಕೊಳವೆಯ ಮೇಲೆ ಬಿದ್ದರೆ ಸುಟ್ಟ ವಾಸನೆ, ಹೊಗೆ ಬರುತ್ತದೆ, ಬೆಂಕಿಯೂ ಹತ್ತಬಹುದು. ಇದನ್ನು ಮುಂದೂಡಬಾರದು.

3. ಆಯಿಲ್ ಪ್ರೆಶರ್ ಸ್ವಿಚ್. ಒಂದು ವೈರು ಬಂದು ಸೇರುವ ಸಣ್ಣ ಭಾಗ. ವೈರಿನ ತುದಿ ಆಯಿಲಿನಲ್ಲಿ ನೆನೆದಿದ್ದರೆ ಸ್ವಿಚ್ ಸೋರುತ್ತಿದೆ.

4. ಆಯಿಲ್ ಫಿಲ್ಟರ್. ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದನ್ನು ಕೂರಿಸಿದರೆ ಸೋರುವುದು ಖಂಡಿತ. ಹೊಸ ಬಳೆಗೆ ಒಂದು ಬೆರಳು ಆಯಿಲ್ ಸವರಿ, ಫಿಲ್ಟರನ್ನು ಕೈಯಲ್ಲೇ ಬಿಗಿಯಬೇಕು.

5. ಮುಂದಿನ ಆಯಿಲ್ ಸೀಲ್. ಬೆಲ್ಟು ಸುತ್ತುವ ಕೆಳಗಿನ ಪುಲ್ಲಿಯ ಹಿಂದೆ ಇರುತ್ತದೆ. ಇಲ್ಲಿ ಸೋರಿದರೆ ಆಯಿಲ್ ಸುತ್ತಲೂ ಎರಚಿ ಬೆಲ್ಟೂ ಹಾಳಾಗುತ್ತದೆ.

6. ಚೇಂಬರ್ ಪ್ಯಾಕಿಂಗ್ ಮತ್ತು ಡ್ರೈನ್ ಬೋಲ್ಟ್. ಆಯಿಲ್ ಬದಲಿಸಿದಾಗಲೆಲ್ಲ ಬೋಲ್ಟಿಗೆ ಹೊಸ ವಾಷರ್ ಹಾಕಿಸಿ. ಸೋರುತ್ತದೆಂದು ಮೈಮೇಲೆ ಬಿದ್ದು ಬಿಗಿಯಬೇಡಿ. ಮರೆ ಸವೆದರೆ ಚೇಂಬರೇ ಬದಲಿಸಬೇಕಾದೀತು.

7. ಹಿಂದಿನ ಆಯಿಲ್ ಸೀಲ್. ಎಂಜಿನ್ ಮತ್ತು ಗೇರ್ ಪೆಟ್ಟಿಗೆ ಕೂಡುವ ಜಾಗದ ಕೆಳಗೆ ಹನಿ ಬೀಳುತ್ತದೆ. ಸೀಲಿನ ಬೆಲೆ ಕಡಿಮೆ, ಆದರೆ ಗೇರ್ ಪೆಟ್ಟಿಗೆ ಇಳಿಸುವ ಕೂಲಿ ಹೆಚ್ಚು. ಕ್ಲಚ್ ಬದಲಿಸುವಾಗ ಇದನ್ನೂ ಸೇರಿಸಿ ಮಾಡಿಸಿದರೆ ಉಳಿತಾಯ.

ಸೀಲುಗಳನ್ನು ಬದಲಿಸುವ ಮೊದಲು ಇನ್ನೊಂದು ಸಂಗತಿ ಕೇಳಿ ತಿಳಿಯಿರಿ. ಎಂಜಿನ್ನಿನೊಳಗೆ ಸೇರುವ ಗಾಳಿ ಹೊರಹೋಗಲು ಬ್ರೀದರ್ ಎಂಬ ಕೊಳವೆ ಇದೆ. ಅದು ಕಸ ಕಟ್ಟಿದರೆ, ಡರಗು ಬಾರದೆ ಹೊಟ್ಟೆ ಉಬ್ಬರಿಸಿದ ಹಸುವಿನಂತೆ ಎಂಜಿನ್ನಿನೊಳಗೆ ಒತ್ತಡ ಏರಿ ಸಿಕ್ಕ ಸಂದಿನಲ್ಲೆಲ್ಲ ಆಯಿಲ್ ಹೊರಬರುತ್ತದೆ. ಒಂದೇ ಸಲಕ್ಕೆ ಎರಡು ಮೂರು ಕಡೆ ಸೋರತೊಡಗಿದರೆ ಮೊದಲು ಬ್ರೀದರ್ ಶುದ್ಧ ಮಾಡಿಸಿ. ಇಲ್ಲವಾದರೆ ಹೊಸ ಸೀಲೂ ನಿಲ್ಲುವುದಿಲ್ಲ. ಆಯಿಲನ್ನು ಮೇಲಿನ ಗುರುತಿಗಿಂತ ಹೆಚ್ಚು ತುಂಬಿದರೂ ನೊರೆ ಎದ್ದು ಸೋರಿಕೆಗೆ ದಾರಿಯಾಗುತ್ತದೆ. ಸೋರುತ್ತದೆಂದು ಹೆಚ್ಚಿಗೆ ಹಾಕಿ ಇಟ್ಟುಕೊಳ್ಳುವ ಅಭ್ಯಾಸ ತಪ್ಪು.

ಐದನೆಯ ಹೆಜ್ಜೆ: ಪೌಡರಿನ ಪರೀಕ್ಷೆ

ಎಂಜಿನ್ ಪೂರ್ತಿ ಜಿಡ್ಡು ಹಿಡಿದಿದ್ದರೆ ಮೂಲ ತಿಳಿಯುವುದಿಲ್ಲ. ತಣ್ಣಗಿರುವಾಗ ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಅನುಮಾನದ ಜಾಗವನ್ನು ಒರೆಸಿ ಒಣಗಿಸಿ. ವೈರು ಸೇರುವ ಕಡೆ ನೀರು ಸುರಿಯಬೇಡಿ, ಪೆಟ್ರೋಲಿನಲ್ಲಿ ತೊಳೆಯಲೂಬೇಡಿ. ಒಣಗಿದ ಮೇಲೆ ಆ ಅಂಚಿನ ಸುತ್ತ ಪೌಡರನ್ನು ತೆಳುವಾಗಿ ಉದುರಿಸಿ. ಬೆಲ್ಟಿಗೆ, ಎಂಜಿನ್ ಗಾಳಿ ಎಳೆಯುವ ಕೊಳವೆಗೆ ಬೀಳಬಾರದು. 10ರಿಂದ 15 ನಿಮಿಷ ಎಂಜಿನ್ ಓಡಿಸಿ, ಆರಿಸಿ, ಟಾರ್ಚ್ ಹಾಕಿ ನೋಡಿ. ಬಿಳಿ ಪೌಡರಿನಲ್ಲಿ ಎಲ್ಲಿ ಒದ್ದೆಯ ಗೆರೆ ಮೂಡಿದೆಯೋ ಅದೇ ಮೂಲ. ಕಪ್ಪು ಬಟ್ಟೆಯ ಮೇಲೆ ಮೊದಲ ಧಾರೆ ಕರೆದು ಗರಣೆ ಹುಡುಕುವ ಉಪಾಯವೇ ಇಲ್ಲಿ ಬಣ್ಣ ಬದಲಿಸಿಕೊಂಡು ಬಂದಿದೆ ಅಷ್ಟೇ.

ಹೊರಗೆಲ್ಲೂ ಒದ್ದೆ ಇಲ್ಲದೆ ಮಟ್ಟ ಮಾತ್ರ ಇಳಿಯುತ್ತಿದ್ದರೆ ಯಾರಿಗಾದರೂ ಗಾಡಿಯ ಹಿಂದೆ ನಿಂತು ನೋಡಲು ಹೇಳಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಒಳಗೇ ಉರಿದುಹೋಗುತ್ತಿದೆ. ಇದು ಮನೆಯಲ್ಲಿ ಸರಿಪಡಿಸುವ ಕೆಲಸವಲ್ಲ.

ಕಂಡ ಮೇಲೆ ಏನು ಮಾಡಬೇಕು?

ಬೆವರಿದಂತೆ ಒದ್ದೆ ಇದ್ದು ಹನಿ ಬೀಳದಿದ್ದರೆ ಒರೆಸಿ, ವಾರಕ್ಕೊಮ್ಮೆ ನೋಡುತ್ತಿರಿ. ರಾತ್ರಿಗೆ ಕೆಲವೇ ಹನಿ ಬೀಳುತ್ತಿದ್ದರೆ ಪ್ರತಿದಿನ ಕಡ್ಡಿ ನೋಡುತ್ತ ಆ ವಾರದಲ್ಲೇ ರಿಪೇರಿ ಮಾಡಿಸಿ. ಆಯಿಲ್ ಬಿಸಿ ಕೊಳವೆಯ ಮೇಲೆ ಬೀಳುತ್ತಿದ್ದರೆ, ಧಾರೆಯಂತೆ ಇಳಿಯುತ್ತಿದ್ದರೆ ಅಥವಾ ಕಡ್ಡಿಯಲ್ಲಿ ಕೆಳಗಿನ ಗುರುತಿಗಿಂತ ಇಳಿದಿದ್ದರೆ ಗಾಡಿ ಓಡಿಸಬೇಡಿ. ಹಾಲಿನ ಪಾಸ್ ಪುಸ್ತಕದಂತೆ ಗಾಡಿಗೂ ಒಂದು ಪುಸ್ತಕ ಇಡಿ. ಆಯಿಲ್ ಬದಲಿಸಿದ ದಿನ, ಆಗಿನ ಕಿಲೋಮೀಟರು, ನಡುವೆ ಹಾಕಿದ ಆಯಿಲ್ ಎಷ್ಟು ಎಂಬುದು ಅದರಲ್ಲಿರಲಿ. ಮೆಕ್ಯಾನಿಕ್‌ಗೆ "ಎಲ್ಲೋ ಸೋರ್ತಾ ಇದೆ" ಎನ್ನುವುದಕ್ಕಿಂತ "ಬಲಗಡೆ ಫಿಲ್ಟರಿನ ಹತ್ತಿರ ಒದ್ದೆ, 500 ಕಿಲೋಮೀಟರಿಗೆ ಕಾಲು ಲೀಟರ್ ಹೋಗುತ್ತಿದೆ" ಎಂದರೆ ನಿಮ್ಮ ಹಣವೂ ಅವರ ಸಮಯವೂ ಉಳಿಯುತ್ತದೆ.

ದನಕರುಗಳಿಗೆ ಆಗುವ ಹಾನಿ

ಇನ್ನು ನನ್ನ ವೃತ್ತಿಯ ಮಾತು. ದನಗಳು, ಮುಖ್ಯವಾಗಿ ಕರುಗಳು, ಎಣ್ಣೆ ಬಿದ್ದ ನೆಲ, ಡಬ್ಬ, ಬಟ್ಟೆ ಎಲ್ಲವನ್ನೂ ನೆಕ್ಕುತ್ತವೆ. ಉಪ್ಪು, ಖನಿಜ ಅಥವಾ ಕುಡಿಯುವ ನೀರು ಸಾಲದಿದ್ದರೆ ಈ ಚಟ ಹೆಚ್ಚು. ಎಂಜಿನ್ ಆಯಿಲ್, ಡೀಸೆಲ್, ಸೀಮೆಎಣ್ಣೆ ಹೊಟ್ಟೆಗೆ ಹೋದರೆ ಮೇವು ಬಿಡುವುದು, ಮಂಕು, ಹೊಟ್ಟೆ ಉಬ್ಬರ, ಭೇದಿ ಕಾಣುತ್ತವೆ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಿ ಪ್ರಾಣಕ್ಕೇ ಬರುತ್ತದೆ. ಕೂಲೆಂಟ್ ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ. ಹಾಲು ಕುಡಿಯುವ ಎಳೆಗರುಗಳಿಗೂ ಅದು ವಿಷ, ಮೂತ್ರಪಿಂಡ ಕೆಡಿಸುತ್ತದೆ.

ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟ 2000ನೇ ಇಸವಿಯಲ್ಲಿ ನಿಂತಿತು. ಅದಕ್ಕೆ ಮೊದಲು ಪೆಟ್ರೋಲ್ ಎಂಜಿನ್ನಿನಿಂದ ತೆಗೆದ ಹಳೆಯ ಆಯಿಲಿನಲ್ಲಿ ಸೀಸವೂ ಇರುತ್ತಿತ್ತು. ಆ ಭಯ ಈಗ ಇಳಿದಿದೆ. ಆದರೆ ಸವೆದ ಲೋಹದ ಪುಡಿ, ಮಸಿ, ಇಂಧನದ ಅಂಶ ಈಗಲೂ ಅದರಲ್ಲಿವೆ. ಸೀಸದ ಅಪಾಯ ಉಳಿದಿರುವುದು ಮೂಲೆಯಲ್ಲಿ ಬಿಸಾಡಿದ ಹಳೆಯ ಬ್ಯಾಟರಿಯಲ್ಲಿ. ಒಡೆದ ಬ್ಯಾಟರಿ ನೆಕ್ಕಿದ ಕರು ಕಣ್ಣು ಕಾಣದೆ, ಹಲ್ಲು ಕಡಿಯುತ್ತ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಸೆಳೆತ ಬಂದು ಸಾಯುತ್ತದೆ. ಕರೆಯುವ ಹಸು ನೆಕ್ಕಿದರೆ ಸೀಸ ಹಾಲಿಗೂ ಇಳಿಯುತ್ತದೆ.

ಎಣ್ಣೆ ನೆಕ್ಕಿದ್ದು ಕಂಡರೆ ಪ್ರಾಣಿಯನ್ನು ಅಲ್ಲಿಂದ ಸರಿಸಿ, ಮೈಗೆ ಹತ್ತಿದ್ದರೆ ಸಾಬೂನಿನಿಂದ ತೊಳೆದು, ತಕ್ಷಣ ಪಶುವೈದ್ಯರನ್ನು ಕರೆಯಿರಿ. ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ, ಕಷಾಯ ಏನನ್ನೂ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಹೋಗಿ ಇದ್ದ ಅಪಾಯ ಇಮ್ಮಡಿಯಾಗುತ್ತದೆ. ನೆಕ್ಕಿದ್ದು ಏನು ಎಂದು ತಿಳಿಸಲು ಡಬ್ಬವನ್ನು ತೆಗೆದಿಡಿ. ವೈದ್ಯರು ಹೇಳುವವರೆಗೆ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ, ಮನೆಗೂ ಬಳಸಬೇಡಿ.

ಉಣ್ಣೆ, ಕಜ್ಜಿ, ಗಾಯಕ್ಕೆಂದು ಎಂಜಿನ್ನಿನ ಹಳೆಯ ಆಯಿಲ್ ಸವರುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ದಯವಿಟ್ಟು ಬಿಡಿ. ಚರ್ಮ ಸುಡುತ್ತದೆ, ಹಸು ಮೈ ನೆಕ್ಕಿಕೊಂಡಾಗ ಹೊಟ್ಟೆಗೂ ಹೋಗುತ್ತದೆ.

ಹಾಲಿನ ಕ್ಯಾನಿಗೆ ತಾಗದಿರಲಿ

ಹಾಲು ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಆಯಿಲ್ ಮುಟ್ಟಿದ ಕೈಯನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯದೆ ಕೆಚ್ಚಲು ಮುಟ್ಟಬೇಡಿ. ಆಯಿಲ್ ಡಬ್ಬವನ್ನು ಕ್ಯಾನಿನ ಜೊತೆ ಡಿಕ್ಕಿಯಲ್ಲಿ ಇಡಬೇಡಿ. ಸಂಘದಲ್ಲಿ ಮುಚ್ಚಳ ತೆರೆದ ಕೂಡಲೇ ವಾಸನೆ ನೋಡುವುದು ಇದಕ್ಕಾಗಿಯೇ. ಒಬ್ಬರ ಕ್ಯಾನಿನ ವಾಸನೆ ತಪ್ಪಿಸಿಕೊಂಡು ಹೋದರೆ ಶೀತಲ ಘಟಕದಲ್ಲಿ ಊರಿನವರೆಲ್ಲರ ಹಾಲೂ ಕೆಡುತ್ತದೆ.

ಚೆಲ್ಲಿದ ಆಯಿಲ್, ತೆಗೆದ ಆಯಿಲ್

ಚೆಲ್ಲಿದ ಕಡೆ ಬೂದಿ ಅಥವಾ ಮರದ ಹೊಟ್ಟು ಹಾಕಿ, ಹೀರಿದ ಮೇಲೆ ಗುಡಿಸಿ ಮುಚ್ಚಳವಿರುವ ಡಬ್ಬಕ್ಕೆ ತುಂಬಿ. ತಿಪ್ಪೆಗೆ ಹಾಕಬೇಡಿ, ಗೊಬ್ಬರದ ಜೊತೆ ಅದು ಮೇವಿನ ಹೊಲ ಸೇರುತ್ತದೆ. ಚರಂಡಿಗೆ, ಬಾವಿಯ ಬಳಿ ಸುರಿಯಬೇಡಿ, ಒಲೆಗೆ ಹಾಕಿ ಸುಡಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯಗಳ ಸಾಲಿಗೆ ಸೇರಿದೆ. ಡಬ್ಬದಲ್ಲಿ ಸಂಗ್ರಹಿಸಿ, ಬಳಸಿದ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಹಿಂದಿರುಗಿಸಿ.

ನೆನಪಿಡಿ

1. ವಾರಕ್ಕೊಮ್ಮೆ ಡಿಪ್‌ಸ್ಟಿಕ್, ತಿಂಗಳಿಗೊಮ್ಮೆ ರಟ್ಟಿನ ಪರೀಕ್ಷೆ.

2. ಮೇಲಿನ, ಮುಂದಿನ ಒದ್ದೆಯಲ್ಲಿ ಮೊದಲು ಮೂಲ ಹುಡುಕಿ.

3. ಬ್ರೇಕ್ ಆಯಿಲ್ ಅಥವಾ ಪೆಟ್ರೋಲ್ ಸೋರಿದರೆ ಗಾಡಿ ಓಡಿಸಬೇಡಿ.

4. ಓಡುವಾಗ ಕೆಂಪು ದೀಪ ಹತ್ತಿದರೆ ಅಲ್ಲೇ ನಿಲ್ಲಿಸಿ.

5. ಆಯಿಲ್ ಬದಲಿಸಿದಾಗ ಡ್ರೈನ್ ಬೋಲ್ಟಿಗೆ ಹೊಸ ವಾಷರ್.

6. ಗಾಡಿ ನಿಲ್ಲುವ ಜಾಗಕ್ಕೂ ಕರು ಕಟ್ಟುವ ಜಾಗಕ್ಕೂ ಅಂತರವಿರಲಿ.

7. ಎಣ್ಣೆ ನೆಕ್ಕಿದ ದನಕ್ಕೆ ಏನನ್ನೂ ಕುಡಿಸದೆ ವೈದ್ಯರನ್ನು ಕರೆಯಿರಿ.

ಈಗ ನಾನು ಪ್ರತಿ ಭಾನುವಾರ ಬೆಳಿಗ್ಗೆ ಕಾರಿನ ಕೆಳಗೆ ಬಗ್ಗಿ ನೋಡುತ್ತೇನೆ. ಹತ್ತು ನಿಮಿಷದ ಕೆಲಸ. ಹಳ್ಳಿಗೆ ಬಂದಾಗ ನಿಮ್ಮ ಅಂಗಳದಲ್ಲಿ ನನ್ನ ಗಾಡಿ ಒಂದು ಹನಿ ಬೀಳಿಸಿದರೂ ಸಂಕೋಚವಿಲ್ಲದೆ ಹೇಳಿ. ಆ ಅಜ್ಜಿಯ ಮಾತನ್ನು ಅಂದೇ ಕೇಳಿದ್ದರೆ ಒಂದು ರಾತ್ರಿ ನಾನು ಒಂದು ಗಂಟೆ ಮೊದಲೇ ತಲುಪುತ್ತಿದ್ದೆ.